ಮೋಡ ಸರಿದರೆ ನಾಳೆ ಹಬ್ಬ

2025ರ ಮಾರ್ಚ್ 30, ಭಾನುವಾರ. ಬೆಳಿಗ್ಗೆ ಹತ್ತು ಗಂಟೆಗೆ ರಿಯಾದಿನಲ್ಲಿರುವ ಮಗ ವಿಡಿಯೋ ಕಾಲ್ ಮಾಡಿ “ಈದ್ ಮುಬಾರಕ್ ಅಬ್ಬಾ” ಅಂದ. ಹೊಸ ಜುಬ್ಬ ತೊಟ್ಟಿದ್ದ, ಕಣ್ಣಿಗೆ ಸುರ್ಮಾ ಹಚ್ಚಿದ್ದ, ಬೆನ್ನ ಹಿಂದಿನ ಮೇಜಿನ ಮೇಲೆ ಯಾವುದೋ ತಟ್ಟೆ ಹಬೆಯಾಡುತ್ತಿತ್ತು. ಇತ್ತ ಶ್ರೀರಂಗಪಟ್ಟಣದಲ್ಲಿ ನನಗೆ ಇಪ್ಪತ್ತೊಂಬತ್ತನೆಯ ರೋಜ. ಬೆಳಗಿನ ಜಾವ ಸೆಹ್ರಿಗೆ ನುಂಗಿದ ರಾಗಿಮುದ್ದೆ ಹೊಟ್ಟೆಯೊಳಗೆ ಕಾವಲು ಕೂತಿತ್ತು. ಸಾಬರು ಸೆಹ್ರಿಗೆ ಬರೀ ಖರ್ಜೂರ ತಿನ್ನುತ್ತಾರೆ ಅಂದುಕೊಂಡವರು ಮಂಡ್ಯ ಜಿಲ್ಲೆಗೆ ಬಂದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬಟ್ಟಿನ ಘಮ ಕಾಂಪೌಂಡು ಹಾರಿ ಬಂತು. ಅವತ್ತು ಯುಗಾದಿ.

ಸೂರ್ಯ ಒಬ್ಬನೇ, ಚಂದ್ರನೂ ಒಬ್ಬನೇ. ಆದರೂ ಮಗನಿಗೆ ಈದ್, ಪಕ್ಕದ ಮನೆಯ ಮೇಷ್ಟ್ರಿಗೆ ವಿಶ್ವಾವಸು ಸಂವತ್ಸರ, ನನಗೆ ಹಸಿವು.

ಮಧ್ಯಾಹ್ನ ಮೇಷ್ಟ್ರೇ ಒಬ್ಬಟ್ಟಿನ ಡಬ್ಬ ಹಿಡಿದು ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. “ರಾತ್ರಿಗೆ ತಿನ್ನಿ ಸಾಬ್ರೇ, ತುಪ್ಪ ಬೇರೆ ಇಟ್ಟಿದೀನಿ” ಅಂದರು. ಮಗನ ಫೋನಿನ ವಿಷಯ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರು. “ನೆನ್ನೆ ಅಮಾವಾಸ್ಯೆ. ಮೇಲಾಗಿ ಎಲ್ಲೋ ಪಾರ್ಶ್ವ ಸೂರ್ಯಗ್ರಹಣ. ಗ್ರಹಣ ಹಿಡಿದ ದಿನ ಸಂಜೆ ಚಂದ್ರ ಕಣ್ಣಿಗೆ ಬೀಳೋದು ಹೆಂಗೆ? ನಿಮ್ಮ ಸೌದಿಯೋರು ಯಾವ ಕಣ್ಣಲ್ಲಿ ನೋಡಿದ್ರು?”

“ಮೇಷ್ಟ್ರೇ, ಇದು ನಮ್ಮ ಮನೆ ಜಗಳ. ಇದರಲ್ಲಿ ನೀವು ಬೀಳಬೇಡಿ” ಅಂದೆ.

ನಿಜವಾಗಿ ಇದು ಸಾವಿರದ ನಾನೂರು ವರ್ಷ ಹಳೆಯ ಮನೆ ಜಗಳ. ಹೊಸ ಚಂದ್ರನನ್ನು ಕಂಡು ಉಪವಾಸ ಶುರು ಮಾಡಬೇಕು, ಕಂಡು ಮುಗಿಸಬೇಕು, ಮೋಡ ಮುಚ್ಚಿದರೆ ಮೂವತ್ತು ತುಂಬಿಸಬೇಕು. ಕಟ್ಟಳೆ ಇಷ್ಟೇ, ಮೂರು ಮಾತಿನದು. ಆದರೆ ಯಾರು ಕಾಣಬೇಕು, ಎಲ್ಲಿ ಕಂಡರೆ ಎಲ್ಲಿಯವರೆಗೆ ಸಲ್ಲುತ್ತದೆ, ಎಷ್ಟು ಜನ ಕಾಣಬೇಕು ಅನ್ನುವುದರ ಮೇಲೆ ಬರೆದ ಗ್ರಂಥಗಳನ್ನು ಒಂದರ ಮೇಲೊಂದು ಪೇರಿಸಿದರೆ ಅವುಗಳ ಮೇಲೆ ಹತ್ತಿ ನಿಂತೇ ಚಂದ್ರನನ್ನು ನೋಡಬಹುದು. ನಮ್ಮ ಹನಫಿ ಪದ್ಧತಿಯ ಪ್ರಕಾರ ಆಕಾಶ ನಿಚ್ಚಳವಾಗಿದ್ದರೆ ಒಬ್ಬಿಬ್ಬರು ಕಂಡರೆ ಸಾಲದು, ಗುಂಪೇ ಕಾಣಬೇಕು. ನಿನಗೊಬ್ಬನಿಗೇ ಕಂಡು ಊರಿಗೆಲ್ಲ ಕಾಣದೆ ಹೋಗುವುದಕ್ಕೆ ಅದೇನು ನಿನ್ನ ಜೇಬಿನ ಚಂದ್ರನೇ ಅಂತ. ಮೋಡವಿದ್ದರೆ ಮಾತ್ರ ರಿಯಾಯಿತಿ: ರಂಜಾನ್ ಶುರು ಮಾಡಲು ನಂಬಿಕಸ್ಥ ಒಬ್ಬ ಸಾಕು, ಮುಗಿಸಲು ಇಬ್ಬರಾದರೂ ಬೇಕು. ಉಪವಾಸ ಹಿಡಿಸುವುದಕ್ಕಿಂತ ಬಿಡಿಸುವುದಕ್ಕೆ ಹೆಚ್ಚು ಸಾಕ್ಷಿ! ಹಸಿದವನ ಕಣ್ಣಿಗೆ ಚಂದ್ರ ಬೇಗ ಕಾಣುತ್ತಾನೆ ಅನ್ನುವುದು ಆ ಹಿರಿಯರಿಗೂ ಗೊತ್ತಿತ್ತು ಅಂತ ನನ್ನ ಗುಮಾನಿ.

ನಾನು ಖಜಾನೆ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ತಲೆ ನರೆಸಿಕೊಂಡವನು. ಖಜಾನೆ, ಗುಮಾಸ್ತ, ಜಮಾ, ಖರ್ಚು, ಬಾಕಿ, ವಸೂಲಿ, ಹಾಜರಿ, ಅರ್ಜಿ, ನಕಲು, ಅಸಲು: ಅರಬ್ಬಿಯಿಂದಲೋ ಪಾರಸಿಯಿಂದಲೋ ಬಂದು ಕನ್ನಡದಲ್ಲಿ ಮನೆ ಮಾಡಿಕೊಂಡ ಈ ಮಾತುಗಳನ್ನು ತೆಗೆದುಬಿಟ್ಟರೆ ನನ್ನ ಸೇವಾವಧಿಯಲ್ಲಿ ಉಳಿಯುವುದು ಕಾಫಿ ಮಾತ್ರ. (ಅದೂ ಅರಬ್ಬಿಯದೇ ಅನ್ನುತ್ತಾರೆ ತಿಳಿದವರು.) ಈ ಪೈಕಿ ನನಗೆ ಬಹಳ ಇಷ್ಟವಾದದ್ದು ‘ತಾರೀಖು’. ಅರಬ್ಬಿಯಲ್ಲಿ ದಿನಾಂಕಕ್ಕೂ ಅದೇ ಮಾತು, ಇತಿಹಾಸಕ್ಕೂ ಅದೇ ಮಾತು. ಬಿಲ್ಲಿನ ಮೂಲೆಯಲ್ಲಿ ತಾರೀಖು ಹಾಕುವಾಗಲೆಲ್ಲ ನಾನೂ ಒಂದು ಚೂರು ಇತಿಹಾಸ ಬರೆಯುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ. ಆಡಿಟ್‌ನವರು ಹಾಗೆ ಅಂದುಕೊಳ್ಳಲಿಲ್ಲ.

ಹಿಜರಿ ಶಕೆ ಹುಟ್ಟಿದ ಕಥೆ ಕೇಳಿದರೆ ಖಜಾನೆಯವರಿಗೆ ಕಣ್ಣೀರೇ ಬರುತ್ತದೆ. ಖಲೀಫಾ ಉಮರ್ ಅವರ ಮುಂದೆ ಒಂದು ಸಾಲಪತ್ರ ಬಂತಂತೆ, ‘ಶಾಬಾನ್‌ನಲ್ಲಿ ಸಲ್ಲತಕ್ಕದ್ದು’ ಅಂತ. ಉಮರ್ ಕೇಳಿದರು: ಯಾವ ಶಾಬಾನ್? ಹೋದದ್ದೋ, ಈಗಿನದೋ, ಬರುವುದೋ? ಉತ್ತರ ಹೇಳುವವರಿಲ್ಲ. ತಿಂಗಳಿಗೆ ಹೆಸರಿತ್ತು, ವರ್ಷಕ್ಕೆ ನಂಬರಿರಲಿಲ್ಲ. ಆಮೇಲೆ ಹಿರಿಯರನ್ನು ಕೂರಿಸಿ, ಪ್ರವಾದಿಯವರು ಮಕ್ಕಾದಿಂದ ಮದೀನಾಕ್ಕೆ ಹೋದ 622ರಿಂದ ಎಣಿಸುವುದು ಅಂತ ತೀರ್ಮಾನವಾಯಿತು. ಈ ಪ್ರಸಂಗವನ್ನು ದಾಖಲಿಸಿದವರಲ್ಲಿ ಅಲ್ ಬಿರೂನಿಯೂ ಒಬ್ಬ. ಕ್ರಿ.ಶ. 1000ದ ಸುಮಾರಿಗೆ, ಮೂವತ್ತು ತುಂಬುವ ಮೊದಲೇ, ತನಗೆ ಗೊತ್ತಿದ್ದ ಜನಾಂಗಗಳ ಪಂಚಾಂಗಗಳನ್ನೆಲ್ಲ ಗುಡ್ಡೆ ಹಾಕಿ ಒಂದು ಪುಸ್ತಕ ಬರೆದವನು. ಆಮೇಲೆ ಸಂಸ್ಕೃತ ಕಲಿತು, ನಮ್ಮ ತಿಥಿ, ಅಧಿಕಮಾಸಗಳನ್ನು ಅರಬ್ಬಿ ಓದುಗರಿಗೆ ಬಿಡಿಸಿ ಹೇಳಿದವನೂ ಅವನೇ. ಆ ಪಂಚಾಂಗದ ಪುಸ್ತಕ ಅವನು ಬರೆದ ವಯಸ್ಸಿನಲ್ಲಿ ನಾನು ಇಲಾಖಾ ಪರೀಕ್ಷೆಗೆ ಎರಡನೆಯ ಸಲ ಕೂತಿದ್ದೆ.

ಅಧಿಕಮಾಸ ಅಂದೆನಲ್ಲ, ಮೇಷ್ಟ್ರಿಗೂ ನನಗೂ ಇರುವ ದೊಡ್ಡ ವ್ಯತ್ಯಾಸ ಅದೇ. ಇಬ್ಬರ ತಿಂಗಳೂ ಅಮಾವಾಸ್ಯೆ ಕಳೆದ ಮೇಲೆಯೇ ಶುರು. ಇಬ್ಬರ ಹನ್ನೆರಡು ತಿಂಗಳು ಕೂಡಿದರೂ ಮುನ್ನೂರ ಐವತ್ತನಾಲ್ಕೇ ದಿನ, ಸೂರ್ಯನ ವರ್ಷಕ್ಕಿಂತ ಹನ್ನೊಂದು ಕಡಿಮೆ. ಮೇಷ್ಟ್ರ ಪಂಚಾಂಗ ಎರಡೂವರೆ ವರ್ಷ ದಾಟುತ್ತಲೇ ಒಂದು ತಿಂಗಳು ಸೇರಿಸಿ ಬಾಕಿ ತೀರಿಸುತ್ತದೆ. ಇಸ್ಲಾಮಿಗೆ ಮೊದಲು ಅರಬರಲ್ಲೂ ತಿಂಗಳುಗಳನ್ನು ಹಿಂದೆ ಮುಂದೆ ಮಾಡುವ ರೂಢಿಯಿತ್ತು. ಅದು ಕೂಡದು ಅಂತಾಯಿತು. ಆದ್ದರಿಂದ ನಮ್ಮ ರಂಜಾನ್ ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತ, ಬೇಸಿಗೆ, ಚಳಿ, ಮಳೆ ಎಲ್ಲವನ್ನೂ ಹಾಯ್ದು ಸುಮಾರು ಮೂವತ್ತಮೂರು ವರ್ಷಕ್ಕೆ ಹೊರಟಲ್ಲಿಗೆ ಬರುತ್ತದೆ. ಉಪವಾಸದ ಕಷ್ಟ ಯಾವ ದೇಶಕ್ಕೂ ಕಾಯಂ ಅಲ್ಲ, ಸುಖವೂ ಕಾಯಂ ಅಲ್ಲ. ಇದರಲ್ಲಿ ನನಗೊಂದು ವೈಯಕ್ತಿಕ ನಷ್ಟವೂ ಇದೆ. ಸರ್ಕಾರ ನನ್ನನ್ನು ಅರವತ್ತಕ್ಕೆ ಮನೆಗೆ ಕಳಿಸಿತು, ಹಿಜರಿ ಲೆಕ್ಕದಲ್ಲಿ ಆಗಲೇ ಅರವತ್ತೊಂದು ದಾಟಿ ಅರವತ್ತೆರಡರ ಹತ್ತಿರ. ಒಂದೂಮುಕ್ಕಾಲು ವರ್ಷ ಹೆಚ್ಚಿಗೆ ದುಡಿದಿದ್ದೇನೆ. ಅರ್ಜಿ ಹಾಕಿದರೆ ಕೊಡುವವರು ಯಾರು?

ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ, ತನ್ನ ವಯಸ್ಸನ್ನು ರಂಜಾನಿನ ಸುತ್ತುಗಳಲ್ಲೇ ಹೇಳುತ್ತಿದ್ದಳು. ಅವಳು ಹುಟ್ಟಿದ್ದು ಚಳಿಗಾಲದ ರಂಜಾನಿನಲ್ಲಿ. ರಂಜಾನ್ ಮತ್ತೆ ಡಿಸೆಂಬರಿಗೆ ಬಂದರೆ ಒಂದು ಸುತ್ತು. 1967ರ ಡಿಸೆಂಬರಿಗೆ ಅವಳ ಎರಡನೆಯ ಸುತ್ತು ಮುಗಿಯಿತು. “ಮೂರ್ನೇದು ಬೋನಸ್” ಅನ್ನುತ್ತಿದ್ದಳು. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಪದ ಅದೊಂದೇ. ಅಬ್ಬಾ ಸಕ್ಕರೆ ಕಾರ್ಖಾನೆಯಲ್ಲಿದ್ದುದರಿಂದ ಮನೆಯವರಿಗೆಲ್ಲ ಗೊತ್ತಿದ್ದ ಪದ.

1974ರ ರಂಜಾನ್ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿದ್ದಿತ್ತು. ನನಗೆ ಹತ್ತು ವರ್ಷ. ಮಳೆ ಅಂದರೆ ಮಳೆ. ಇಪ್ಪತ್ತೊಂಬತ್ತರ ಸಂಜೆ ಊರ ಹುಡುಗರೆಲ್ಲ ತಾರಸಿ ಇದ್ದವರ ಮನೆ ಹತ್ತಿದೆವು. ಆಗ ತಾರಸಿ ಮನೆ ಇದ್ದವರು ಇಬ್ಬರೇ. ಪಡುವಣದಲ್ಲಿ, ಕನ್ನಂಬಾಡಿ ಕಟ್ಟೆಯ ಕಡೆ, ಒದ್ದೆ ಕಂಬಳಿ ಹಾಸಿದ ಹಾಗೆ ಮೋಡ. ಕೆಳಗಿನಿಂದ ದಾದಿ ನಿಮಿಷಕ್ಕೊಮ್ಮೆ “ಚಾಂದ್ ದಿಖ್ಯಾ ಕ್ಯಾ ರೇ?” ಅಂತ ಕೂಗುತ್ತಿದ್ದಳು. ಕಾಣದೆ ಇದ್ದರೆ ನಾಳೆ ಮತ್ತೆ ರೋಜ, ಕಂಡರೆ ಶೀರ್ ಖುರ್ಮಾ. ನನ್ನ ಮನಸ್ಸು ಯಾವ ಕಡೆ ಇತ್ತು ಅಂತ ಹೇಳಬೇಕಾಗಿಲ್ಲ. “ಕಂಡಿತು!” ಅಂತ ಕೂಗಿಬಿಟ್ಟೆ.

ಕೂಗಿದವನನ್ನು ಹಿಡಿದುಕೊಂಡು ಹೋಗಿ ಮಸೀದಿಯ ಹಜರತ್ರ ಮುಂದೆ ನಿಲ್ಲಿಸಿದರು. ತೆಳ್ಳನೆಯ ಬಿಳಿ ಗಡ್ಡದ ಅವರು ಗದರಲಿಲ್ಲ. “ಎಲ್ಲಿ ಕಂಡಿತು ಬೇಟಾ? ಸೂರ್ಯ ಮುಳುಗಿದ ಜಾಗದಿಂದ ಎಷ್ಟು ಮೇಲೆ? ಕೊಂಬು ಯಾವ ಕಡೆ ಇತ್ತು?” ಅಂದರು. ನಾನು ಕೈಯಲ್ಲಿ ಕಮಾನು ಬರೆದು ತೋರಿಸಿದೆ, ಕೊಂಬು ಎರಡೂ ಕೆಳಕ್ಕೆ, ಕೊಡೆ ಬಿಚ್ಚಿದ ಹಾಗೆ. ನಮ್ಮ ಸೀಮೆಯಲ್ಲಿ ಬಿದಿಗೆ ಚಂದ್ರ ದೋಣಿಯ ಹಾಗೆ ಕೊಂಬು ಮೇಲಕ್ಕೆತ್ತಿ ಮಲಗಿರುತ್ತಾನೆ ಅನ್ನುವುದನ್ನು ಸಡಗರದಲ್ಲಿ ಮರೆತಿದ್ದೆ. ಹಜರತ್ರು ನಕ್ಕು ಒಂದು ಕಥೆ ಹೇಳಿದರು.

ಬಸ್ರಾದಲ್ಲಿ ಅನಸ್ ಇಬ್ನ್ ಮಾಲಿಕ್ ಅಂತ ಹಿರಿಯರಿದ್ದರು, ಪ್ರವಾದಿಯವರ ಸಂಗಡ ಇದ್ದವರು. ನೂರರ ಹತ್ತಿರದ ವಯಸ್ಸು. ಒಂದು ಸಂಜೆ ಜನರೆಲ್ಲ ಆಕಾಶ ನೋಡುತ್ತಿದ್ದಾಗ ಯಾರಿಗೂ ಏನೂ ಕಾಣಲಿಲ್ಲ, ಅನಸರು ಮಾತ್ರ “ಅಗೋ ಅಲ್ಲಿ” ಅಂದರು. ಅಂಥವರ ಮಾತನ್ನು ಸುಳ್ಳು ಅನ್ನುವುದು ಹೇಗೆ? ಇಯಾಸ್ ಅಂತ ಒಬ್ಬ ಜಾಣ ಹತ್ತಿರ ಹೋಗಿ ನೋಡಿದ. ಮುದುಕರ ಹುಬ್ಬಿನ ಬಿಳಿ ಕೂದಲೊಂದು ಬಾಗಿ ಕಣ್ಣಿಗೆ ಅಡ್ಡ ಬಂದಿತ್ತು. ಅದನ್ನು ಮೆಲ್ಲನೆ ಸವರಿ ಪಕ್ಕಕ್ಕೆ ಸರಿಸಿ, “ಈಗ ತೋರಿಸಿ ಹಜರತ್, ಎಲ್ಲಿದೆ?” ಅಂದ. ಹಿರಿಯರು ನೋಡೇ ನೋಡಿದರು. “ಈಗ ಕಾಣುತ್ತಿಲ್ಲ” ಅಂದರು.

ಕಥೆ ಹೇಳಿ ನನ್ನ ಹುಬ್ಬನ್ನೂ ಒಮ್ಮೆ ಸವರಿ ಕಳಿಸಿದರು. ಸುಳ್ಳುಗಾರ ಅನ್ನಿಸಿಕೊಳ್ಳದೆ ಸುಳ್ಳಿನಿಂದ ಹೊರಗೆ ಬಂದದ್ದು ಅದೇ ಮೊದಲು. ಮುಂದೆ ಕಚೇರಿಯಲ್ಲಿ ತಪ್ಪು ಬಿಲ್ಲು ತಂದವರ ಹುಬ್ಬು ಸವರುವ ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಆ ವರ್ಷದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಾರನೆಯ ದಿನ ಎಲ್ಲರೂ ಮೂವತ್ತನೆಯ ರೋಜ ಹಿಡಿದೆವು. ಒಂಬತ್ತೂವರೆಗೆ ಮೈಸೂರಿನ ಬಸ್ಸಿನಿಂದ ಇಳಿದ ಒಬ್ಬರು “ಏನ್ರೀ, ನೀವಿನ್ನೂ ಉಪವಾಸವೇ? ರಾತ್ರಿಯೇ ಸಾಕ್ಷಿ ಬಂದು ತೀರ್ಮಾನ ಆಗಿದೆ, ಇವತ್ತು ಈದ್” ಅಂದರು. ಊರಿಗೆ ಊರೇ ಬಾವಿಗೆ ಬಿದ್ದ ಹಾಗೆ ಗಡಬಡಿಸಿತು. ನಡು ಮಧ್ಯಾಹ್ನದೊಳಗೆ ಈದ್ ನಮಾಜ್ ಆಗಬೇಕು. ದಾದಿ ಹಾಲಿಗಾಗಿ ಗೌಡರ ಮನೆಗೆ ಓಡಿದಳು, ಎಮ್ಮೆ ಆಗಲೇ ಮೇಯಲು ಹೋಗಿತ್ತು. ನನ್ನ ಹೊಸ ಅಂಗಿ ದರ್ಜಿಯ ಹತ್ತಿರ ಗುಂಡಿಯಿಲ್ಲದೆ ಕೂತಿತ್ತು. ಪಿನ್ನು ಚುಚ್ಚಿ ತೊಡಿಸಿದರು. ನಮಾಜ್ ಮುಗಿದ ಮೇಲೆ ಆಲಿಂಗನ ಇರುತ್ತದಲ್ಲ, ಒಬ್ಬೊಬ್ಬರೂ ಮೂರು ಮೂರು ಸಲ! ಆ ವರ್ಷ ನನ್ನನ್ನು ಅಪ್ಪಿಕೊಂಡವರೆಲ್ಲ “ಹಾಯ್” ಅಂತ ಹಿಂದೆ ಸರಿದರು.

ಇಷ್ಟೆಲ್ಲ ಪಾಡು ಪಟ್ಟ ಜನರಿಗೆ ಲೆಕ್ಕ ಬರುತ್ತಿರಲಿಲ್ಲವೇ ಅಂತ ಕೇಳಿದರೆ, ಲೆಕ್ಕ ಅನ್ನುವುದಕ್ಕೇ ಹೊಸ ಹೆಸರು ಕೊಟ್ಟವರು ಅವರ ಹಿರಿಯರು. ಎಂಟನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಭಾರತದ ಕಡೆಯಿಂದ ಬಗ್ದಾದಿನ ಖಲೀಫಾ ಮನ್ಸೂರನ ಆಸ್ಥಾನಕ್ಕೆ ಖಗೋಳ ಗಣಿತದ ಒಂದು ಗ್ರಂಥ ಹೋಯಿತು, ಬ್ರಹ್ಮಗುಪ್ತನ ಪರಂಪರೆಯದು. ‘ಸಿದ್ಧಾಂತ’ ಅನ್ನುವುದು ಅರಬರ ನಾಲಗೆಯಲ್ಲಿ ‘ಸಿಂದ್‌ಹಿಂದ್’ ಆಯಿತು. ಅದರ ಆಧಾರದ ಮೇಲೆ ಒಂಬತ್ತನೆಯ ಶತಮಾನದಲ್ಲಿ ಅಲ್ ಖ್ವಾರಿಜ್ಮಿ ಗ್ರಹಗತಿಯ ಕೋಷ್ಟಕ ಕಟ್ಟಿದ. ಅವನ ಹೆಸರೇ ಸವೆದು ಅಲ್ಗಾರಿದಮ್ ಆಗಿ ಈಗ ನಮ್ಮ ಮೊಬೈಲಿನೊಳಗೆ ಕೂತಿದೆ, ಅವನ ಇನ್ನೊಂದು ಪುಸ್ತಕದ ‘ಅಲ್ ಜಬ್ರ್’ ಮೇಷ್ಟ್ರ ಶಾಲೆಯಲ್ಲಿ ಆಲ್ಜಿಬ್ರಾ ಆಗಿ ಹುಡುಗರನ್ನು ಅಳಿಸಿತು. ಹದಿನಾಲ್ಕನೆಯ ಶತಮಾನದ ಡಮಾಸ್ಕಸ್ಸಿನಲ್ಲಿ ಇಬ್ನ್ ಅಲ್ ಶಾತಿರ್ ಅಂತ ಒಬ್ಬನಿದ್ದ. ದೊಡ್ಡ ಮಸೀದಿಯಲ್ಲಿ ಅವನ ಹುದ್ದೆ ಮುವಕ್ಕಿತ್, ಅಂದರೆ ನಮಾಜಿನ ಹೊತ್ತು ಗೊತ್ತು ಮಾಡುವವನು. ಅಂಥದೊಂದು ಹುದ್ದೆ ನಮ್ಮ ಇಲಾಖೆಯಲ್ಲಿ ಇದ್ದಿದ್ದರೆ ನಾನು ವರ್ಗಾವಣೆ ಕೇಳುತ್ತಿದ್ದೆ. ಅವನು ಚಂದ್ರನ ಚಲನೆಗೆ ಹಾಕಿದ ಲೆಕ್ಕವೇ ನೂರೈವತ್ತಕ್ಕೂ ಹೆಚ್ಚು ವರ್ಷದ ಮೇಲೆ ಕೊಪರ್ನಿಕಸನ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಅಲ್ಲಿಗೆ ಹೇಗೆ ತಲುಪಿತು ಅಂತ ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ.

ನಮ್ಮ ಕಡೆಯೂ ಒಂದು ಪ್ರಯತ್ನ ಆಗಿತ್ತು. ಕಲಬುರ್ಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1407ರಲ್ಲಿ ದೌಲತಾಬಾದಿನ ಹತ್ತಿರ ನಕ್ಷತ್ರ ನೋಡುವ ಕಟ್ಟಡ ಎಬ್ಬಿಸಲು ಹೊರಟ. ಕೆಲಸ ವಹಿಸಿಕೊಂಡಿದ್ದ ಹಕೀಮ ಹಸನ್ ಗಿಲಾನಿ ತೀರಿಕೊಂಡ, ಕಟ್ಟಡ ಅರ್ಧಕ್ಕೇ ನಿಂತಿತು ಅಂತ ಬಿಜಾಪುರದಲ್ಲಿ ಕೂತು ಚರಿತ್ರೆ ಬರೆದ ಫಿರಿಶ್ತಾ ಹೇಳುತ್ತಾನೆ. ಓದಿದಾಗ ಮನಸ್ಸಿಗೆ ನೋವಾಯಿತು, ಆದರೆ ಆಶ್ಚರ್ಯವೇನೂ ಆಗಲಿಲ್ಲ. ‘ಕಾಮಗಾರಿ ಅಪೂರ್ಣ’ ಅನ್ನುವ ಕಡತಗಳನ್ನು ಎಷ್ಟು ಕಂಡಿಲ್ಲ.

ಇನ್ನು ನಮ್ಮೂರಿನದೇ ಒಂದು ಸಂಗತಿ. ಟಿಪ್ಪು ಸುಲ್ತಾನ್ ಮೌಲೂದಿ ಅಂತ ತನ್ನದೇ ಪಂಚಾಂಗ ಚಲಾವಣೆಗೆ ತಂದ. ತಿಂಗಳ ಹೆಸರುಗಳು ಅಹ್ಮದಿ, ಬಹಾರಿ ಅಂತೆಲ್ಲ ಹೊಸವು. ಒಳಗಿನ ಯಂತ್ರ ಮಾತ್ರ ಮೇಷ್ಟ್ರದ್ದು: ಅಧಿಕಮಾಸ ಉಂಟು, ಅರವತ್ತು ವರ್ಷದ ಚಕ್ರ ಉಂಟು, ಮೊದಲ ತಿಂಗಳು ಅಹ್ಮದಿ ಬೀಳುವುದು ಚೈತ್ರಕ್ಕೆ. ಅಂದರೆ ಸುಲ್ತಾನನ ಕಚೇರಿಯ ಲೆಕ್ಕ ತೆರೆಯುತ್ತಿದ್ದದ್ದು ಯುಗಾದಿಯ ಹೊತ್ತಿಗೆ. ಪಂಡಿತರು ಇದಕ್ಕೆ ಏನೇನು ಕಾರಣ ಕೊಡುತ್ತಾರೋ, ಖಜಾನೆಯವನಾದ ನನಗೆ ತೋಚುವುದು ಒಂದೇ. ಕಂದಾಯ ಬೆಳೆಯ ಹಿಂದೆ ಬರುತ್ತದೆ, ಚಂದ್ರನ ಹಿಂದೆ ಬರುವುದಿಲ್ಲ. ರೈತನಿಗೆ ಭತ್ತ ಕೈಗೆ ಬರುವ ಮೊದಲೇ ಹನ್ನೊಂದು ದಿನ, ಇಪ್ಪತ್ತೆರಡು ದಿನ ಅಂತ ಕಂತು ಹಿಂದಕ್ಕೆ ಸರಿಯುತ್ತ ಹೋದರೆ ವಸೂಲಿ ಆಗುವುದುಂಟೇ?

ಹೀಗೆ ಲೆಕ್ಕದಲ್ಲಿ ಗಟ್ಟಿಗರಾದವರೂ ಹಬ್ಬದ ವಿಷಯಕ್ಕೆ ಬಂದಾಗ ಕೋಷ್ಟಕ ಮಡಿಚಿಟ್ಟು ತಾರಸಿ ಹತ್ತಿದರು. ಈಗ ಕೆಲವರು ಲೆಕ್ಕವೇ ಸಾಕು ಅನ್ನುತ್ತಾರೆ, ಕೆಲವು ದೇಶಗಳಲ್ಲಿ ವರ್ಷಕ್ಕೆ ಮುಂಚೆಯೇ ತಾರೀಖು ಅಚ್ಚಾಗುತ್ತದೆ. ನನಗೆ ಅದರ ಅನುಕೂಲ ಗೊತ್ತಿಲ್ಲದೆ ಇಲ್ಲ. ರಜೆ ಹಾಕುವುದು ಸುಲಭ, ದರ್ಜಿಗೆ ಗುಂಡಿ ಹೊಲಿಯಲು ಹೊತ್ತು ಸಿಗುತ್ತದೆ. ಆದರೂ ಸಂಜೆ ಆರೂವರೆಗೆ ತಾರಸಿಯ ಮೆಟ್ಟಿಲು ಹತ್ತಿಸುವ ಹಬ್ಬ ಇನ್ನೊಂದು ಯಾವುದಿದೆ? ಮೊಣಕಾಲು ನೋಯುತ್ತದೆ, ಹತ್ತುತ್ತೇನೆ.

2024ರಲ್ಲಂತೂ ನಮ್ಮ ರಾಜ್ಯದಲ್ಲೇ ಎರಡು ಹಬ್ಬ. ಕರಾವಳಿಯ ಬ್ಯಾರಿಗಳು ಶಾಫಿ ಪದ್ಧತಿಯವರು, ಅವರಿಗೆ ಕೇರಳದ ಕಡಲ ದಂಡೆಯ ಚಂದ್ರ ಹತ್ತಿರ. ಅವರಿಗೆ ಏಪ್ರಿಲ್ 10ಕ್ಕೆ ಈದ್, ನಮಗೆ 11ಕ್ಕೆ. ಮಂಗಳೂರಿಗೆ ಕೊಟ್ಟ ಮಗಳು ಅವತ್ತು ಬೆಳಿಗ್ಗೆಯಿಂದ ಅಡುಗೆಯ ಫೋಟೋ ಕಳಿಸುತ್ತಲೇ ಇದ್ದಳು. ನನ್ನ ಹೆಂಡತಿ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೇಳುವವರಿಗೆ ಇದು ಒಡಕು ಅನ್ನಿಸಬಹುದು. ನಮ್ಮ ಮನೆಗೆ ಮಾತ್ರ ಲಾಭ: ಮಾರನೆಯ ದಿನ ಮಗಳು ಅಳಿಯ ಬಂದು ಎರಡನೆಯ ಈದ್ ಮಾಡಿದರು.

ಮತ್ತೆ ಆ ಯುಗಾದಿಯ ಸಂಜೆಗೆ ಬರುತ್ತೇನೆ. ನಾನು, ಹೆಂಡತಿ, ಮೊಮ್ಮಗ ನಮ್ಮ ತಾರಸಿಯಲ್ಲಿ. ಪಕ್ಕದ ತಾರಸಿಯಲ್ಲಿ ಮೇಷ್ಟ್ರು, ಅವರ ಮನೆಯವರು, ಮಕ್ಕಳು, ಮೊಮ್ಮಕ್ಕಳು. ಅವರಿಗೂ ಚಂದ್ರನ ದರ್ಶನ ಆಗಬೇಕು. ಹಳೇ ಮೈಸೂರಿನ ಒಕ್ಕಲು ಮನೆಗಳಲ್ಲಿ ಯುಗಾದಿಯ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವ ಪದ್ಧತಿ. ಎರಡು ತಾರಸಿಯ ಜನವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತೆವು, ಬಸ್ಸು ಕಾಯುವವರ ಹಾಗೆ. ಕನ್ನಂಬಾಡಿಯ ಕಡೆ ತೆಳ್ಳನೆಯ ಮೋಡ.

“ಕಾಣ್ತದೆ ಬುಡಿ ಸಾಬ್ರೇ” ಅಂದರು ಮೇಷ್ಟ್ರು. “ಸೂರ್ಯನಿಂದ ಹನ್ನೆರಡು ಭಾಗೆ ದೂರ ಹೋದ್ರೆ ಚಂದ್ರ ಕಾಣ್ತಾನೆ ಅಂತ ಸೂರ್ಯಸಿದ್ಧಾಂತದಲ್ಲೇ ಹೇಳೈತೆ. ಹನ್ನೆರಡು ಭಾಗೆ ಅಂದ್ರೆ ನಲವತ್ತೆಂಟು ನಿಮಿಷ, ಎರಡು ಘಳಿಗೆ. ಇವತ್ತು ಅದಕ್ಕಿಂತ ಜಾಸ್ತಿನೇ ಇದಾನೆ.”

“ಅದೇ ಹನ್ನೆರಡು ಬಗ್ದಾದಿಗೂ ಹೋಗಿತ್ತು ಮೇಷ್ಟ್ರೇ” ಅಂದೆ.

“ಹೋಗಿದ್ರೆ ಹೋಗ್ಲಿ, ನಾವು ರಾಯಲ್ಟಿ ಕೇಳಿಲ್ಲ.”

ಮಸೀದಿಯಿಂದ ಮಗ್ರಿಬ್ ಅಜಾನ್ ಕೇಳಿಸಿತು. ನಿಂತಲ್ಲೇ ಖರ್ಜೂರ ಬಾಯಿಗೆ ಹಾಕಿಕೊಂಡು ಅದರ ಹಿಂದೆಯೇ ಒಬ್ಬಟ್ಟು ಮುರಿದೆ. ಕೆಳಗೆ ಹೋಗಿ ನಮಾಜ್ ಮುಗಿಸಿ ಮತ್ತೆ ಏದುಸಿರು ಬಿಡುತ್ತ ಹತ್ತಿ ಬರುವಷ್ಟರಲ್ಲಿ ಮೋಡ ಸರಿದಿತ್ತು. ಮೊದಲು ಕಂಡದ್ದು ಮೇಷ್ಟ್ರ ಮೊಮ್ಮಗಳಿಗೆ. “ತಾತ, ಅಲ್ಲಿ!” ಅಂತ ಅವಳು ಕೂಗಿದಳು. ಎರಡು ತಾರಸಿಯಿಂದಲೂ ಬೆರಳುಗಳು ಎದ್ದವು. ಉಗುರು ಕತ್ತರಿಸಿ ಎಸೆದಷ್ಟು ಸಣ್ಣ ಗೆರೆ, ಕೊಂಬು ಮೇಲಕ್ಕೆ. ನನಗೆ ಸುಮ್ಮನೆ ಹಜರತ್ರು ನೆನಪಾಗಿ ಹುಬ್ಬು ಮುಟ್ಟಿ ನೋಡಿಕೊಂಡೆ. 

“ಕೊಂಬಿನ ಓರೆ ಎಷ್ಟಿರ್ತದೆ ಅಂತ ಲೆಕ್ಕ ಹಾಕೋಕೇ ಬ್ರಹ್ಮಗುಪ್ತ ಒಂದು ಅಧ್ಯಾಯ ಬರ್ದವ್ನೆ. ಶೃಂಗೋನ್ನತಿ ಅಂತ” ಅಂದರು ಮೇಷ್ಟ್ರು. ಹತ್ತು ವರ್ಷದ ನನ್ನನ್ನು ಹಿಡಿದು ಹಾಕಿದ್ದ ಪ್ರಶ್ನೆಗೆ ಅಷ್ಟು ದೊಡ್ಡ ಹೆಸರಿದೆ ಅಂತ ಅವತ್ತು ಗೊತ್ತಾಯಿತು.

ಮೊಮ್ಮಕ್ಕಳು ಮೇಷ್ಟ್ರ ಕಾಲಿಗೆ ಬಿದ್ದರು. ನನ್ನ ಮೊಮ್ಮಗ ಅದನ್ನು ನೋಡಿ ಕಾಂಪೌಂಡಿನ ಆಚೆಯಿಂದ ಅವರಿಗೊಂದು ಸಲಾಂ ಹೊಡೆದ. ನಾನು ಕೈಯೆತ್ತಿ ದುವಾ ಮಾಡಿದೆ. ಸಂಜೆ ಕತ್ತಲಾದಂತೆ ಇನ್ನೂ ಮೇಲೆ ಗುರು, ಅದರ ಪಕ್ಕ ಕೆಂಪನೆಯ ರೋಹಿಣಿ. ರೋಹಿಣಿ ಚಂದ್ರನ ಮುದ್ದಿನ ಹೆಂಡತಿ ಅಂತ ಮೇಷ್ಟ್ರ ಮನೆಯವರು ಮಕ್ಕಳಿಗೆ ಹೇಳುತ್ತಿದ್ದರು. ಅರಬರಿಗೆ ಅದೇ ನಕ್ಷತ್ರ ಅಲ್ ದಬರಾನ್, ಹಿಂದೆ ಬೀಳುವವನು. ಹೆಣ್ಣಿಗೆ ತೆರ ಕೊಡಲು ಒಂಟೆಗಳನ್ನು ಹೊಡೆದುಕೊಂಡು ಕೃತ್ತಿಕೆಯ ಹಿಂದೆ ಹಿಂದೆಯೇ ಹೋಗುತ್ತಿರುವ ಗಂಡು, ಅವಳು ಇವನನ್ನು ಒಲ್ಲೆ ಅಂದಿದ್ದಾಳೆ. ಒಂದು ತಾರಸಿಯಲ್ಲಿ ಹೆಂಡತಿ, ಪಕ್ಕದ ತಾರಸಿಯಲ್ಲಿ ಮದುವೆಯಾಗದ ಗಂಡು. ಇದನ್ನು ಮಕ್ಕಳ ಮುಂದೆ ಬಿಡಿಸುವುದು ಬೇಡ ಅಂತ ಸುಮ್ಮನಾದೆ.

ಅಷ್ಟರಲ್ಲಿ ಎಲ್ಲರ ಫೋನುಗಳೂ ಗುಂಯ್‌ಗುಡತೊಡಗಿದವು. ಊರೂರಿನಿಂದ ಸಾಕ್ಷಿ, ಚಂದ್ರದರ್ಶನ ನಿರ್ಧರಿಸುವ ಬೆಂಗಳೂರಿನ ಹಿಲಾಲ್ ಕಮಿಟಿಯ ತೀರ್ಮಾನ, ನಾಳೆ ಈದ್. ನಾಳೆ ಅಂದರೆ ಮಾರ್ಚ್ 31. ಖಜಾನೆಯವರ ಪಾಲಿಗೆ ಅದು ಹಬ್ಬವಲ್ಲ, ವರ್ಷದ ತಿಥಿ. ರಾತ್ರಿ ಹನ್ನೆರಡರವರೆಗೆ ಬಿಲ್ಲು ಪಾಸು ಮಾಡದ ಮಾರ್ಚ್ 31 ನನಗೆ ಅದೇ ಮೊದಲು. ಮೇಷ್ಟ್ರಿಗೂ ನಾಳೆ ದೊಡ್ಡ ದಿನವೇ, ಬಾಡೂಟದ ಹೊಸತೊಡಕು. ಇಬ್ಬರಿಗೂ ಒಟ್ಟಿಗೇ ಹೊಳೆದದ್ದು ಒಂದೇ ವಿಷಯ: ಊರಿಗೆಲ್ಲ ಒಂದೇ ದಿನ ಮಟನ್ ಬೇಕು.

“ಎಷ್ಟೊತ್ಗೆ ಹೋಗ್ತೀರಾ ಸಾಬ್ರೇ?”

“ಫಜರ್ ನಮಾಜ್ ಮುಗಿಸಿ, ಸಾಲು ಎಷ್ಟಿದೆ ನೋಡಿಕೊಂಡು ಹೋಗ್ತೀನಿ.”

ನೋಡಿಕೊಂಡೇ ಹೋದೆ. ಸಾಲು ಅಂಗಡಿಯಿಂದ ಹೊರಟು ಬೀದಿಯ ತಿರುವು ದಾಟಿತ್ತು. ಅರ್ಧ ಟೋಪಿ, ಅರ್ಧ ಮಂಕಿ ಕ್ಯಾಪು. ಎಲ್ಲಕ್ಕಿಂತ ಮುಂದೆ, ಕಟುಕನ ಮರದ ದಿಮ್ಮಿಗೆ ಒರಗಿಕೊಂಡು ಮೇಷ್ಟ್ರು ನಿಂತಿದ್ದರು, ಕೈಯಲ್ಲಿ ಎರಡು ಚೀಲ. ನಾಲ್ಕು ಗಂಟೆಗೇ ಬಂದಿದ್ದರಂತೆ.

“ನೀವು ನೋಡಿ ಬರೋರು, ನಾನು ಲೆಕ್ಕ ಹಾಕಿ ಬರೋನು” ಅಂದರು. “ನಿಮ್ದು ಎರಡು ಕೆಜಿ ತಾನೇ? ತೊಡೆ ಹಾಕಿಸಲಾ, ಭುಜಾನಾ?”